ಚೆಂಡು ಯಾರದು, ಮೈದಾನ ಯಾರದು?

"ನಿಮಗೇಕೆ ಮೇಡಂ, ಫುಟ್‌ಬಾಲಿನ ಉಸಾಬರಿ?" ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಕೇಳುವವರಿದ್ದಾರೆ. ಒಬ್ಬನ ಲಾಭಕ್ಕೂ ಸಾವಿರಾರು ಜನರ ಅಕ್ಕರೆಗೂ ಜಗಳ ಬಿದ್ದಾಗ ಯಾವುದು ಮಣಿಯಬೇಕು ಎಂಬ ಪ್ರಶ್ನೆ ಬರೀ ಆಟದ್ದಲ್ಲ, ಅದಕ್ಕೇ ಈ ಉಸಾಬರಿ. ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಈ ಜಗಳ ಬೀದಿಗೆ ಬಂದು ವರ್ಷಗಳೇ ಆದವು.

ಮ್ಯಾಂಚೆಸ್ಟರ್ ಯುನೈಟೆಡ್ ಹೆಸರನ್ನು ನಿಮ್ಮ ಮನೆಯ ಹುಡುಗರ ಬಾಯಲ್ಲಿ ಕೇಳಿರುತ್ತೀರಿ. 1878ರಲ್ಲಿ ರೈಲ್ವೆ ಕಾರ್ಖಾನೆಯ ಕೆಲಸಗಾರರು ಕಟ್ಟಿಕೊಂಡ ತಂಡ ಅದು. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಅದನ್ನು ಕೊಂಡಿತು. ಕೈಯಿಂದ ಹಾಕಿದ್ದಕ್ಕಿಂತ ಸಾಲ ತಂದದ್ದೇ ಹೆಚ್ಚು. ಆ ಸಾಲದ ದೊಡ್ಡ ಪಾಲನ್ನು ಹೊರಿಸಿದ್ದು ಯಾರ ತಲೆಗೆ? ಅದುವರೆಗೆ ಸಾಲವೇ ಇಲ್ಲದಿದ್ದ ಆ ಕ್ಲಬ್ಬಿನ ತಲೆಗೇ! ಹುಡುಗಿಯ ಒಡವೆಯನ್ನೇ ಅಡವಿಟ್ಟು ಅವಳಿಗೆ ತಾಳಿ ಮಾಡಿಸಿ, ಬಡ್ಡಿಯನ್ನೂ ಅವಳ ತವರಿನಿಂದಲೇ ವಸೂಲು ಮಾಡುವ ಗಂಡನನ್ನು ನಾವೇನೆಂದು ಕರೆಯುತ್ತೇವೆ? ಅಂಥವನಿಗೆ ಅಲ್ಲಿ 'ಹೂಡಿಕೆದಾರ' ಎಂಬ ಗೌರವದ ಹೆಸರಿದೆ. 2024ರ ಕೊನೆಯಲ್ಲಿ, ಆಟದ ಋತು ಅರ್ಧ ಮುಗಿಯುವ ಹೊತ್ತಿಗೆ, ಅದೇ ಕ್ಲಬ್ಬು ಸದಸ್ಯರಿಗೆ ಮಾರುವ ಟಿಕೆಟ್ಟನ್ನು 66 ಪೌಂಡಿಗೆ ಏರಿಸಿತು. ಮಕ್ಕಳಿಗೂ ಅಷ್ಟೇ, ಮುದುಕರಿಗೂ ಅಷ್ಟೇ. ಅದಕ್ಕೆ ಮುಂಚೆ ಮಕ್ಕಳ ಟಿಕೆಟ್ಟು 25 ಪೌಂಡಿಗೂ ಸಿಗುತ್ತಿತ್ತು.

ಮಾಲೀಕರ ಕಡೆಯೂ ಒಂದು ಮಾತಿದೆ, ಅದನ್ನೂ ಕೇಳೋಣ. ಹಣವಿಲ್ಲದೆ ಒಳ್ಳೆಯ ಆಟಗಾರರು ಬರುವುದಿಲ್ಲ, ಮೈದಾನ ಭದ್ರವಾಗುವುದಿಲ್ಲ. 1989ರಲ್ಲಿ ಹಿಲ್ಸ್‌ಬರೋ ಮೈದಾನದ ನೂಕುನುಗ್ಗಲಿಗೆ 97 ಜೀವಗಳು ಬಲಿಯಾದ ಮೇಲೆ ದೊಡ್ಡ ಕ್ಲಬ್ಬುಗಳೆಲ್ಲ ನಿಲ್ಲುವ ಜಾಗ ತೆಗೆದು ಕುರ್ಚಿ ಹಾಕಿಸಬೇಕಾಯಿತು. ಅದಕ್ಕೂ ದುಡ್ಡು ಬೇಕಿತ್ತು. ದುಡ್ಡು ಹಾಕಿದವನು ನಾಲ್ಕು ಕಾಸು ಲಾಭ ಬಯಸಿದರೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಲಾಭ ನನಗೆ, ನಷ್ಟ ನಿಮಗೆ ಎನ್ನುವುದು ಯಾವ ನ್ಯಾಯ?

ಬೆಲೆ ಹೆಚ್ಚಾಯಿತೆಂದರೆ ಬೇರೆ ಅಂಗಡಿಗೆ ಹೋಗಿ ಎನ್ನುತ್ತಾರೆ. ಸೋಪಿನ ಮಾತಾದರೆ ಹೋಗಬಹುದು. ಅಜ್ಜನ ಹೆಗಲೇರಿ ನೋಡಿದ ತಂಡವನ್ನು ಬಿಟ್ಟು ಪಕ್ಕದೂರಿನ ತಂಡಕ್ಕೆ ಯಾರು ಜೈಕಾರ ಹಾಕುತ್ತಾರೆ? ಅವರು ಬಿಟ್ಟು ಹೋಗಲಾರರೆಂದು ಗೊತ್ತಿದ್ದೇ ಬೆಲೆ ಏರಿಸುವುದು. ಪ್ರೀತಿಗೆ ಕಟ್ಟುಬಿದ್ದವರನ್ನು ಸುಲಿಯುವುದು ಎಂಥದೆಂದು ಹೆಂಗಸರಾದ ನಮಗೆ ಬಿಡಿಸಿ ಹೇಳಬೇಕೆ?

ಬರಿ ಎಂಬ ಊರಿನ ಕ್ಲಬ್ಬು ಹುಟ್ಟಿದ್ದು 1885ರಲ್ಲಿ. 2018ರ ಕೊನೆಗೆ ಅದು ಒಂದೇ ಒಂದು ಪೌಂಡಿಗೆ ಹೊಸ ಮಾಲೀಕನ ಕೈಸೇರಿತು. 2019ರ ಆಗಸ್ಟಿನಲ್ಲಿ, ಹಣದ ಏರ್ಪಾಡು ತೋರಿಸಲಾಗದೆ, ಲೀಗಿನಿಂದಲೇ ಹೊರದೂಡಿಸಿಕೊಂಡಿತು. ಆ ಕೊನೆಯ ದಿನವೂ ನೂರಾರು ಜನ ಬಂದು, ನಾಳೆ ಆಟ ನಡೆದೀತೆಂಬ ಆಸೆಯಿಂದ ಮೈದಾನದ ಕುರ್ಚಿಗಳನ್ನು ಒರೆಸುತ್ತಿದ್ದರು. ಯಾರ ಹೆಸರಿನಲ್ಲಿ ಪತ್ರವಿತ್ತು, ಯಾರ ಕೈಯಲ್ಲಿ ಪೊರಕೆಯಿತ್ತು, ನೋಡಿ! ಮುಂದೆ ಆ ಮೈದಾನವನ್ನು ಮರಳಿ ಕೊಂಡು 2023ರಲ್ಲಿ ಕೆಳಗಿನ ಹಂತದಿಂದ ಆಟ ಶುರುಮಾಡಿಸಿದವರೂ ಅಭಿಮಾನಿಗಳೇ.

ಇನ್ನು ರೆಡಿಂಗ್ ಕ್ಲಬ್ಬು. 2024ರಲ್ಲಿ ಅಲ್ಲಿ ಹಣದ ಮುಗ್ಗಟ್ಟು ಬಂದಾಗ ಎರಡನೆಯ ಹಂತದ ಲೀಗಿನಲ್ಲಿದ್ದ ಹೆಂಗಸರ ತಂಡವನ್ನು ಹಿಂದೆಗೆದು ಐದನೆಯ ಹಂತಕ್ಕೆ ಇಳಿಸಿದರು. ಗಂಡಸರ ತಂಡ ತನ್ನ ಲೀಗಿನಲ್ಲೇ ಉಳಿಯಿತು. ಮನೆಯಲ್ಲಿ ಕಾಸು ಕಡಿಮೆಯಾದರೆ ಮೊದಲು ಶಾಲೆ ಬಿಡುವವಳು ಹುಡುಗಿ ಎಂಬುದನ್ನು ನಾನು ಹಾಜರಿ ಪುಸ್ತಕದಲ್ಲಿ ಕಂಡಿದ್ದೇನೆ. ಸಮುದ್ರದಾಚೆಯೂ ಅದೇ ಲೆಕ್ಕ!

ಹಾಗೆಂದು ಜನ ಕೈಕಟ್ಟಿ ಕುಳಿತಿಲ್ಲ. 2016ರಲ್ಲಿ ಲಿವರ್‌ಪೂಲ್ ಕ್ಲಬ್ಬು 77 ಪೌಂಡಿನ ಟಿಕೆಟ್ ತರಲು ಹೊರಟಾಗ, ಸರಿಯಾಗಿ 77ನೆಯ ನಿಮಿಷಕ್ಕೆ ಸಾವಿರಾರು ಮಂದಿ ಎದ್ದು ನಡೆದರು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಆ ಬೆಲೆಯನ್ನು ಕೈಬಿಟ್ಟರು. 2021ರ ಏಪ್ರಿಲಿನಲ್ಲಿ ಯುರೋಪಿನ 12 ಶ್ರೀಮಂತ ಕ್ಲಬ್ಬುಗಳು ತಮ್ಮದೇ 'ಸೂಪರ್ ಲೀಗ್' ಸಾರಿದವು. ಅಭಿಮಾನಿಗಳು ಬೀದಿಗಿಳಿದರು, ಅದರಲ್ಲಿದ್ದ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಎರಡೇ ದಿನದಲ್ಲಿ ಹಿಂದೆ ಸರಿದವು. ಜರ್ಮನಿಯಲ್ಲಿ, ಕೆಲವು ಕ್ಲಬ್ಬುಗಳನ್ನು ಬಿಟ್ಟರೆ, ಅರ್ಧಕ್ಕಿಂತ ಹೆಚ್ಚಿನ ಮತ ಸದಸ್ಯರ ಕೈಯಲ್ಲೇ ಇರಬೇಕೆಂಬ ನಿಯಮವಿದೆ. ಅಲ್ಲಿನ ಲೀಗು ಹೊರಗಿನ ಹೂಡಿಕೆದಾರರನ್ನು ತರಲು ಹೋದಾಗ ಜನ ಮೈದಾನಕ್ಕೆ ಟೆನಿಸ್ ಚೆಂಡು ಎಸೆದೆಸೆದು ಆಟ ನಿಲ್ಲಿಸಿದರು. 2024ರ ಫೆಬ್ರವರಿಯಲ್ಲಿ ಆ ಯೋಜನೆಯೇ ಬಿದ್ದುಹೋಯಿತು. 2025ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು, ಇಂಗ್ಲೆಂಡಿನ ಕ್ಲಬ್ಬುಗಳ ಹಣಕಾಸು ಮತ್ತು ಮಾಲೀಕರ ಯೋಗ್ಯತೆಯನ್ನು ಪರಿಶೀಲಿಸಲು ಸ್ವತಂತ್ರ ನಿಯಂತ್ರಕರಿರಬೇಕೆಂದು ಕಾನೂನು ಮಾಡಿತು.

ಅಷ್ಟು ಸಾಲದು ಎಂಬುದು ನನ್ನ ವಾದ. ಕ್ಲಬ್ಬು ಕೊಳ್ಳಲು ತಂದ ಸಾಲ ಕೊಂಡವನ ಹೆಸರಲ್ಲೇ ಇರಲಿ. ಟಿಕೆಟ್ಟಿನ ಬೆಲೆ ನಿಗದಿಯಾಗುವ ಕೋಣೆಯಲ್ಲಿ ಅಭಿಮಾನಿಗಳಿಗೂ ಕುರ್ಚಿಯಿರಲಿ, ಬರೀ ಕುರ್ಚಿಯಲ್ಲ, ಮತವೂ ಇರಲಿ. ಶ್ರೀಮಂತನೊಬ್ಬ ಊರ ತೇರಿಗೆ ಬಂಗಾರದ ಕಳಸ ಮಾಡಿಸಿಕೊಡಬಹುದು. ಅವನ ಹೆಸರು ಕೆತ್ತಿಸೋಣ, ಹಾರವನ್ನೂ ಹಾಕೋಣ. ಆದರೆ ತೇರನ್ನೇ ಮನೆಗೆ ಹೊಡೆದುಕೊಂಡು ಹೋಗುತ್ತೇನೆಂದರೆ, ಹಗ್ಗ ಹಿಡಿದ ಊರವರು ಬಿಡಬಾರದು.