ಹಗಲು ದೀಪ: ಬೈಕಿಗಾಯಿತು, ಕಾರಿಗೆ ಯಾವಾಗ?

ಹಗಲು ಹೊತ್ತಿನಲ್ಲಿ ದೀಪ ಉರಿಸಿದರೆ ಮನೆ ಹಿರಿಯರು ಬಯ್ಯುವ ಸೀಮೆ ಇದು. ‘ಎಣ್ಣೆ ಏನು ಪುಕ್ಕಟೆ ಬಂತೇನೋ?’ ಅಂತ ಕೇಳುತ್ತಾರೆ. ಅದಕ್ಕೇ 2017ರ ಏಪ್ರಿಲ್ 1ರಿಂದ ಹೊಸ ಬೈಕು, ಸ್ಕೂಟರುಗಳ ಹೆಡ್‌ಲೈಟು ಇಂಜಿನ್ ಜತೆಗೇ ಹೊತ್ತಿಕೊಳ್ಳಲು ಶುರುವಾದಾಗ ಎದುರಿಗೆ ಬಂದವರೆಲ್ಲ ಅಂಗೈ ಮುಚ್ಚಿ ತೆರೆದು ‘ಲೈಟು, ಲೈಟು’ ಅಂತ ಸನ್ನೆ ಮಾಡಿದ್ದೇ ಮಾಡಿದ್ದು. ಗಾಡಿ ಕೊಂಡವರು ನಾಚಿಕೊಂಡು ಸ್ವಿಚ್ಚು ಹುಡುಕಿದರು. ಸ್ವಿಚ್ಚೇ ಇಲ್ಲ! ಕೆಲವರು ಮೆಕ್ಯಾನಿಕ್ ಹತ್ತಿರ ಹೋಗಿ ವೈರು ಕತ್ತರಿಸಿ ಬೇರೆ ಸ್ವಿಚ್ಚು ಹಾಕಿಸಿಕೊಂಡದ್ದೂ ಉಂಟು. ಈಗ ಜನಕ್ಕೆ ಅಭ್ಯಾಸವಾಗಿದೆ, ಸನ್ನೆ ನಿಂತಿದೆ.

ಆದರೆ ಒಂದು ಪ್ರಶ್ನೆ ಹಾಗೇ ಉಳಿದಿದೆ. ನೂರು ಕಿಲೋ ಚಿಲ್ಲರೆ ತೂಗುವ ಸ್ಕೂಟರಿಗೆ ಹಗಲು ದೀಪ ಕಡ್ಡಾಯ. ಟನ್ನುಗಟ್ಟಲೆ ತೂಗುವ, ಗಂಟೆಗೆ ನೂರು ಕಿಲೋಮೀಟರ್ ಓಡುವ ಕಾರಿಗೆ ಯಾಕಿಲ್ಲ? ಈಗ ಬರುವ ಅನೇಕ ಕಾರುಗಳಲ್ಲಿ ಹುಬ್ಬು ತೀಡಿದ ಹಾಗೆ ಬಿಳಿ ದೀಪ ಇದೆ ನಿಜ. ಅದು ಕಂಪನಿಯವರು ಚೆಂದಕ್ಕೆ, ವ್ಯಾಪಾರಕ್ಕೆ ಇಟ್ಟದ್ದು. ದುಡ್ಡು ಹೆಚ್ಚು ಕೊಟ್ಟವನ ಕಾರಿಗೆ ಉಂಟು, ಕಡಿಮೆ ಕೊಟ್ಟವನದಕ್ಕೆ ಇಲ್ಲ. ಜೀವ ಉಳಿಸುವ ಸಾಮಾನಾದರೆ ಎಲ್ಲಕ್ಕೂ ಇರಲಿ, ಬರೀ ಅಲಂಕಾರವಾದರೆ ಬಿಟ್ಟುಬಿಡಲಿ. ಎರಡರಲ್ಲಿ ಯಾವುದು ಅಂತ ತೀರ್ಮಾನ ಆಗಬೇಡವೆ?

ದೀಪ ಯಾರಿಗೋಸ್ಕರ?

ಮೊದಲು ಒಂದು ತಪ್ಪು ತಿಳುವಳಿಕೆ ಹೋಗಬೇಕು. ಹಗಲು ದೀಪ ಇರುವುದು ಡ್ರೈವರಿಗೆ ದಾರಿ ಕಾಣಲಿ ಅಂತ ಅಲ್ಲ. ಎದುರಿನವರಿಗೆ ಕಾರು ಕಾಣಲಿ ಅಂತ. ಬಸ್ ಇಳಿದು ರಸ್ತೆ ದಾಟುವ ಅಜ್ಜಿಗೆ, ಪುಸ್ತಕದ ಚೀಲ ಹೊತ್ತ ಹುಡುಗನಿಗೆ, ಮುಂದಿನ ಲಾರಿಯನ್ನು ಹಿಂದೆ ಹಾಕಲು ಹೊರಟ ಬೈಕಿನವನಿಗೆ ‘ಬರ್ತಾ ಇದೀನಿ, ತಡಿ’ ಅಂತ ಹೇಳುವ ದೀಪ ಅದು.

ಹಾಸನದಿಂದ ಸಕಲೇಶಪುರದ ಕಡೆ ಹೋಗುವ ದಾರಿಯನ್ನೇ ತೆಗೆದುಕೊಳ್ಳಿ. ಮಲೆನಾಡಿನ ಸೆರಗು. ಬಿಸಿಲಿದ್ದ ದಿನ ಮರದ ನೆರಳು ರಸ್ತೆ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿದ್ದಿರುತ್ತೆ. ಆ ನೆರಳಿನಲ್ಲಿ ಬೂದು ಬಣ್ಣದ ಕಾರು ಬಂದರೆ ರಸ್ತೆ ಯಾವುದು, ಕಾರು ಯಾವುದು ಅಂತ ಕಣ್ಣಿಗೆ ಹತ್ತುವುದು ತಡ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಮಾರನಹಳ್ಳಿ ದಾಟಿ ಶಿರಾಡಿ ಘಾಟಿಗೆ ಇಳಿದರೆ ಮಧ್ಯಾಹ್ನ ಎರಡು ಗಂಟೆಗೂ ಮುಸ್ಸಂಜೆ ಆದಂತೆ.

ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತೆ. ಎದುರಿನ ಗಾಡಿಯೂ ಅಷ್ಟೇ ವೇಗದಲ್ಲಿದ್ದರೆ ಇಬ್ಬರ ನಡುವಿನ ಅಂತರ ಸೆಕೆಂಡಿಗೆ 44 ಮೀಟರ್ ಕರಗುತ್ತೆ. ಲಾರಿಯೊಂದನ್ನು ಹಿಂದೆ ಹಾಕಲು ಹತ್ತು ಸೆಕೆಂಡು ಬೇಕು ಅಂದರೆ, ಸುಮಾರು 440 ಮೀಟರ್ ದೂರದಲ್ಲಿ ಇರುವ ಕಾರು ಕಣ್ಣಿಗೆ ಬಿದ್ದಿರಲೇಬೇಕು. ಬೀಳಲಿಲ್ಲ ಅಂದರೆ ಮುಂದಿನ ಕಥೆ ಹೇಳಬೇಕಾಗಿಲ್ಲ. ಎರಡು ಸೆಕೆಂಡು ಮೊದಲು ಕಂಡರೆ 88 ಮೀಟರ್ ಲಾಭ. ದೀಪದ ಪರವಾಗಿ ಹೇಳುವ ಮಾತೆಲ್ಲ ಈ ಎರಡು ಸೆಕೆಂಡಿನ ಮೇಲೆ ನಿಂತಿದೆ.

ಹೊರದೇಶದವರು ಏನು ಮಾಡಿದರು?

ಈ ಪದ್ಧತಿ ಶುರುವಾದದ್ದು ಬಿಸಿಲು ಕಾಣದ ದೇಶಗಳಲ್ಲಿ. ಫಿನ್ಲೆಂಡಿನವರು 1972ರಲ್ಲಿ ಚಳಿಗಾಲಕ್ಕೆ, ಊರ ಹೊರಗಿನ ರಸ್ತೆಗಳಿಗೆ ಮಾತ್ರ ಕಡ್ಡಾಯ ಮಾಡಿದರು. ಸ್ವೀಡನ್ 1977ರಲ್ಲಿ ವರ್ಷವಿಡೀ ದೀಪ ಹಾಕಿ ಅಂದಿತು. ಕೆನಡಾದಲ್ಲಿ 1989ರ ಡಿಸೆಂಬರಿನಿಂದ ಹೊಸ ಕಾರುಗಳಿಗೆ ಕಾರ್ಖಾನೆಯಲ್ಲೇ ಹಗಲು ದೀಪ ಬಂತು. ಯೂರೋಪಿನ ಒಕ್ಕೂಟ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರುಗಳಿಗೆ, 2012ರ ಆಗಸ್ಟಿನಿಂದ ಹೊಸ ಮಾದರಿಯ ಲಾರಿ, ಬಸ್ಸುಗಳಿಗೆ ಕಡ್ಡಾಯ ಮಾಡಿತು.

ಹಾಗಂತ ಎಲ್ಲರೂ ತಲೆ ಆಡಿಸಿಲ್ಲ. ಆಸ್ಟ್ರಿಯಾದವರು 2005ರ ನವೆಂಬರಿನಲ್ಲಿ ಕಾನೂನು ತಂದರು, 2008ರ ಜನವರಿ 1ಕ್ಕೆ ವಾಪಸ್ ತೆಗೆದುಕೊಂಡರು. ಎಲ್ಲ ಕಾರೂ ಬೆಳಗುತ್ತಿದ್ದರೆ ಸೈಕಲ್ಲಿನವರು, ನಡೆದು ಹೋಗುವವರು ಕಣ್ಣಿಗೆ ಬೀಳುವುದಿಲ್ಲ ಅನ್ನುವ ವಾದ ಅಲ್ಲಿ ಗೆದ್ದಿತು. ಅಮೆರಿಕಾದಲ್ಲಿ ಜನರಲ್ ಮೋಟಾರ್ಸ್ ಕಂಪನಿ ‘ಎಲ್ಲ ಕಾರಿಗೂ ಕಡ್ಡಾಯ ಮಾಡಿ’ ಅಂತ 2001ರಲ್ಲಿ ಸರಕಾರಕ್ಕೆ ಅರ್ಜಿ ಹಾಕಿತ್ತು. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ 2008ರಲ್ಲಿ ಅಪಘಾತದ ದಾಖಲೆಗಳನ್ನು ಜಾಲಾಡಿ, ಒಟ್ಟಾರೆ ನೋಡಿದರೆ ಖಚಿತವಾಗಿ ಹೇಳುವಂಥ ಲಾಭ ಕಾಣಲಿಲ್ಲ ಅಂದಿತು. 2009ರಲ್ಲಿ ಅರ್ಜಿ ವಜಾ ಆಯಿತು.

ಅಂದರೆ ಇದು ‘ದೀಪ ಹಾಕಿದ ಕೂಡಲೆ ಅಪಘಾತ ಮಾಯ’ ಅನ್ನುವ ಮಂತ್ರ ಅಲ್ಲ. ಮೋಡ, ಮಂಜು, ಮುಸ್ಸಂಜೆ ಇದ್ದಲ್ಲಿ ಅದರ ಗುಣ ಹೆಚ್ಚು, ನೆತ್ತಿ ಸುಡುವ ಬಿಸಿಲಿನಲ್ಲಿ ಕಡಿಮೆ. ಅರಸೀಕೆರೆಯ ಬಯಲಿಗೂ ಸಕಲೇಶಪುರದ ಘಾಟಿಗೂ ಒಂದೇ ಗುಣ ಸಿಕ್ಕೀತು ಅಂತ ನಂಬಬೇಕಾಗಿಲ್ಲ.

ಸಾಯುವವರು ಯಾರು?

ಇಲ್ಲಿ ಸ್ವಲ್ಪ ನಿಧಾನಿಸಬೇಕು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು ಅಂತ ಕೇಂದ್ರ ಸರಕಾರದ ವರದಿಯೇ ಹೇಳುತ್ತೆ. ಕರ್ನಾಟಕದ ಪಾಲು 11 ಸಾವಿರಕ್ಕೂ ಮೇಲೆ. ದೇಶದಲ್ಲಿ ಸತ್ತ ಪ್ರತಿ ನೂರು ಮಂದಿಯಲ್ಲಿ 44 ಜನ ದ್ವಿಚಕ್ರದವರು. ಹತ್ತೊಂಬತ್ತು ಇಪ್ಪತ್ತು ಜನ ನಡೆದು ಹೋಗುತ್ತಿದ್ದವರು. ಕಾರು, ವ್ಯಾನಿನ ಒಳಗಿದ್ದವರು ಹನ್ನೆರಡು ಹದಿಮೂರು.

ಈ ಲೆಕ್ಕವನ್ನು ಎರಡು ಥರ ಓದಬಹುದು. ‘ಕಾರಿನವರಿಗೂ ದೀಪ ಕೊಟ್ಟರೆ ಬೈಕಿನ ದೀಪಕ್ಕೆ ಏನು ಬೆಲೆ? ಜಾತ್ರೆಯಲ್ಲಿ ಎಲ್ಲರೂ ಪೀಪಿ ಊದಿದರೆ ಯಾರ ಪೀಪಿ ಕೇಳೀತು?’ ಅನ್ನುವವರಿದ್ದಾರೆ. ಯೂರೋಪಿನ ಬೈಕ್ ಸವಾರರ ಸಂಘಗಳು ಹೇಳಿದ್ದೂ ಇದನ್ನೇ. ಸಣ್ಣ ಗಾತ್ರದ ಬೈಕು ದೂರದಿಂದ ಕಾಣುವುದು ಕಷ್ಟ ಅಂತಲೇ ಅದಕ್ಕೆ ದೀಪ ಕೊಟ್ಟದ್ದು. ಸುಪ್ರೀಂ ಕೋರ್ಟು ನೇಮಿಸಿದ್ದ ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಸಮಿತಿ ಒತ್ತು ಕೊಟ್ಟದ್ದೂ ಬೈಕಿನ ದೀಪಕ್ಕೇ. ಈ ವಾದದಲ್ಲಿ ಹುರುಳಿದೆ, ತಳ್ಳಿಹಾಕುವ ಹಾಗಿಲ್ಲ.

ಇನ್ನೊಂದು ಥರವೂ ಓದಬಹುದು. ಬೈಕಿನವನನ್ನೂ ನಡೆಯುವವನನ್ನೂ ಕೊಲ್ಲುವುದು ಬಹಳ ಸಲ ಅವರ ಕಣ್ಣಿಗೆ ಬೀಳದೆ ಬಂದ ದೊಡ್ಡ ಗಾಡಿ. ಬಾಳ್ಳುಪೇಟೆಯಲ್ಲೋ ಪಾಳ್ಯದಲ್ಲೋ ಬಸ್ ಇಳಿದವನು ಬಸ್ಸಿನ ಮೂತಿ ಮುಂದಿನಿಂದ ಇಣುಕಿ ರಸ್ತೆ ದಾಟುತ್ತಾನೆ. ಮಳೆಯಲ್ಲಿ ಕೊಡೆ ಅಡ್ಡ, ತಲೆ ಬಗ್ಗಿದೆ. ಅವನ ಹತ್ತಿರ ದೀಪ ಇಲ್ಲ, ಹಾರನ್ ಇಲ್ಲ. ಅವನಿಗೆ ಕಾರು ಬೇಗ ಕಂಡರೆ ಅವನು ಕಾಲು ಹಿಂದೆ ಇಡುತ್ತಾನೆ. ಇವನ ಪಾಲಿಗೆ ಕಾರಿನ ದೀಪ ಶೋಕಿ ಆಗಲಿಕ್ಕೆ ಸಾಧ್ಯವಿಲ್ಲ.

ಎರಡನ್ನೂ ಹೊಂದಿಸುವ ದಾರಿ ಇಲ್ಲವೆ? ಇದೆ. ಹಗಲು ದೀಪ ಅಂದರೆ ಹೆಡ್‌ಲೈಟು ಅಲ್ಲ. ಅದಕ್ಕೆ ಅಂತಲೇ ಬೇರೆ ಸಣ್ಣ ದೀಪ, ಬೆಳಕಿಗೆ ಮಿತಿ ಉಂಟು. ವಿಶ್ವಸಂಸ್ಥೆಯ ನಿಯಮದಲ್ಲಿ 400 ಕ್ಯಾಂಡೆಲಾಗಿಂತ ಕಡಿಮೆ ಆಗಬಾರದು, 1200 ಮೀರಬಾರದು ಅಂತಿದೆ. ಕಾರಿಗೆ ಆ ಸೌಮ್ಯ ದೀಪ, ಬೈಕಿಗೆ ಪೂರ್ತಿ ಹೆಡ್‌ಲೈಟು ಇರಲಿ. ಆಗ ಬೈಕಿನ ಬೆಳಕು ಕಾರಿನ ಬೆಳಕಿನಲ್ಲಿ ಮುಳುಗುವ ಭಯ ಕಡಿಮೆ.

ಖರ್ಚಿನ ಮಾತೂ ಅಷ್ಟೆ. ಹಳೆ ಥರದ ಹೆಡ್‌ಲೈಟು ಬಲ್ಬು ಒಂದೊಂದು 55 ವ್ಯಾಟ್. ಎರಡಕ್ಕೆ 110, ಹಿಂದಿನ ದೀಪ ಬೇರೆ. ದಿನವಿಡೀ ಉರಿಸಿದರೆ ಪೆಟ್ರೋಲಿನ ಮೇಲೂ ಬಲ್ಬಿನ ಮೇಲೂ ಹೊರೆ. ಟ್ಯಾಕ್ಸಿ ಇಟ್ಟುಕೊಂಡು ಸಂಸಾರ ನಡೆಸುವವನು ಗೊಣಗಿದರೆ ತಪ್ಪಿಲ್ಲ. ಆದರೆ ಎಲ್‌ಇಡಿ ಹಗಲು ದೀಪಕ್ಕೆ ಅದರಲ್ಲಿ ಒಂದು ಸಣ್ಣ ಪಾಲು ಸಾಕು.

ಮುಂದೆ ಬೆಳಕು, ಬೆನ್ನು ಕತ್ತಲೆ

ಹಗಲು ದೀಪದಿಂದ ಹುಟ್ಟಿದ ಹೊಸ ರೋಗ ಒಂದಿದೆ, ಅದನ್ನೂ ಹೇಳದಿದ್ದರೆ ಅನ್ಯಾಯ. ಕತ್ತಲಾಗುತ್ತಾ ಬಂದರೂ ಮುಂದೆ ಬಿಳಿ ಬೆಳಕು ಕಾಣುತ್ತೆ, ಡ್ರೈವರಿನ ಎದುರಿನ ಮೀಟರುಗಳೂ ಬೆಳಗುತ್ತವೆ. ‘ಲೈಟು ಹಾಕಿದೀನಿ’ ಅಂತ ಅವನ ಸಮಾಧಾನ. ಅನೇಕ ಕಾರುಗಳಲ್ಲಿ ಹಗಲು ದೀಪದ ಜತೆ ಹಿಂದಿನ ಕೆಂಪು ದೀಪ ಉರಿಯುವುದೇ ಇಲ್ಲ. ಹಿಂದೆ ಬರುವ ಬೈಕಿನವನಿಗೆ ಅದು ಕತ್ತಲಲ್ಲಿ ಓಡುವ ಕಲ್ಲುಬಂಡೆ. ಕೆನಡಾದವರಿಗೂ ಈ ಪಾಠ ತಡವಾಗಿ ಆಯಿತು. 1989ರಲ್ಲಿ ಕಡ್ಡಾಯ ಮಾಡಿದವರು 2021ರ ಸೆಪ್ಟೆಂಬರಿನಿಂದ ಹೊಸ ಗಾಡಿಗಳಿಗೆ ಇನ್ನೊಂದು ನಿಯಮ ಸೇರಿಸಿದರು. ಕತ್ತಲಾದಾಗ ಹಿಂದಿನ ದೀಪ ತಾನೇ ಉರಿಯಬೇಕು, ಇಲ್ಲವೆ ಡ್ರೈವರಿನ ಎದುರಿನ ಮೀಟರುಗಳು ಕತ್ತಲಾಗೇ ಇದ್ದು ಅವನಿಗೆ ನೆನಪು ಮಾಡಬೇಕು. ಹಗಲು ಕಂಡ ಬಾವಿಗೆ ಇರುಳು ಬೀಳಬಾರದು ಅನ್ನುವುದಾದರೆ ಇಲ್ಲಿನ ಸರಕಾರ ಈ ಎರಡನ್ನೂ ಒಟ್ಟಿಗೇ ತರಬೇಕು. ಮೂವತ್ತು ವರ್ಷ ಕಾಯುವುದು ಬೇಡ.

ಇರುವ ಕಾನೂನಿಗೆ ಜೀವ ಬರಲಿ

ಹೊಸ ಕಾನೂನು ಬರುವ ತನಕ ಸುಮ್ಮನೆ ಕೂರಬೇಕೆ? ಹಾಗೇನಿಲ್ಲ. ಕೇಂದ್ರ ಮೋಟಾರು ವಾಹನ ನಿಯಮದ 105ನೇ ಕಲಮು ಈಗಾಗಲೇ ಪುಸ್ತಕದಲ್ಲಿ ಇದೆ. ಸೂರ್ಯ ಮುಳುಗಿ ಅರ್ಧ ಗಂಟೆ ಆದ ಮೇಲೆ ಮಾತ್ರ ಅಲ್ಲ, ಬೆಳಕು ಸಾಲದ ಯಾವ ಹೊತ್ತಿನಲ್ಲಾದರೂ ಗಾಡಿಯ ದೀಪ ಉರಿಯಬೇಕು, 155 ಮೀಟರ್ ಮುಂದೆ ಇರುವ ಮನುಷ್ಯ, ಗಾಡಿ ಸ್ಪಷ್ಟ ಕಾಣಬೇಕು ಅಂತ ಅದು ಹೇಳುತ್ತೆ. ಶಿರಾಡಿಯ ಮಂಜು, ಆಷಾಢದ ಜಡಿಮಳೆ ಇದರೊಳಗೆ ಬರುವುದಿಲ್ಲವೆ? ಹೆಲ್ಮೆಟ್ಟಿಗೆ ದಂಡ ಹಾಕುವಷ್ಟು ಉತ್ಸಾಹ ಇದಕ್ಕೆ ದಂಡ ಹಾಕುವುದರಲ್ಲಿ ಕಾಣುವುದಿಲ್ಲ. ಹೆಲ್ಮೆಟ್ ಇಲ್ಲದವನು ಸಿಗ್ನಲ್ಲಿನಲ್ಲಿ ಕೈಗೆ ಸಿಗುತ್ತಾನೆ. ಮಂಜಿನಲ್ಲಿ ದೀಪವಿಲ್ಲದೆ ನುಗ್ಗುವ ಕಾರಿನವನನ್ನು ಹಿಡಿಯಲು ಮಳೆಯಲ್ಲಿ ನಿಲ್ಲಬೇಕಲ್ಲ!

ಇನ್ನು ಕೆಲವು ಡ್ರೈವರುಗಳ ಜಾಣತನ ನೋಡಿ. ಮಳೆ ಬಂದ ಕೂಡಲೆ ನಾಲ್ಕೂ ಇಂಡಿಕೇಟರ್ ಮಿಣ ಮಿಣ ಮಾಡಿಕೊಂಡು ಓಡುತ್ತಾರೆ. ಆ ದೀಪ ಕೆಟ್ಟು ನಿಂತ ಗಾಡಿಗೆ. ಓಡುವ ಗಾಡಿ ಅದನ್ನು ಹಾಕಿಕೊಂಡರೆ ಎಡಕ್ಕೆ ತಿರುಗುತ್ತದೋ ಬಲಕ್ಕೋ ದೇವರೇ ಬಲ್ಲ. ಡಿಪ್ ಮಾಡಿದ ಹೆಡ್‌ಲೈಟು ಹಾಕಿದರೆ ಮುಂದೂ ಹಿಂದೂ ಎರಡೂ ಕಡೆ ಕಾಣುತ್ತೆ. ಬಿಡಿಭಾಗದ ಅಂಗಡಿಯ ಕೆಂಪು ನೀಲಿ ಪಟ್ಟಿ ಅಂಟಿಸಿ ‘ಹಗಲು ದೀಪ’ ಅನ್ನುವವರೂ ಇದ್ದಾರೆ. ಮುಂದುಗಡೆ ಕೆಂಪು ದೀಪ ತೋರಿಸಕೂಡದು ಅಂತ ನಿಯಮವೇ ಇದೆ. ಗಿರಾಕಿ ಕೇಳಿದ ಅಂತ ಮಾರುವ ಅಂಗಡಿಯವರೂ ಒಂದು ಕ್ಷಣ ಯೋಚಿಸಬೇಕು.

ಆಗಬೇಕಾದ್ದು

ಕೇಂದ್ರ ಸರಕಾರ ಒಂದು ದಿನಾಂಕ ಗೊತ್ತು ಮಾಡಿ, ಅಲ್ಲಿಂದಾಚೆ ತಯಾರಾಗುವ ಪ್ರತಿ ಕಾರಿಗೂ, ಅಗ್ಗದ್ದಿರಲಿ ದುಬಾರಿಯಿರಲಿ, ಮಿತಿಯೊಳಗಿನ ಹಗಲು ದೀಪ ಕಡ್ಡಾಯ ಮಾಡಲಿ. ಕತ್ತಲಾದ ಕೂಡಲೆ ಹೆಡ್‌ಲೈಟು, ಹಿಂದಿನ ದೀಪ ತಾವೇ ಹೊತ್ತಿಕೊಳ್ಳಲಿ. ಹಳೆ ಕಾರಿನವರ ತಲೆ ಮೇಲೆ ಹೊಸ ಖರ್ಚು ಹೊರಿಸುವುದು ಬೇಡ. ಘಾಟಿ, ಮಂಜು, ಮಳೆ ಇದ್ದಲ್ಲಿ ಡಿಪ್ ಹೆಡ್‌ಲೈಟು ಹಾಕಿದರೆ ಸಾಕು.

ಜಿಲ್ಲೆಯ ಮಟ್ಟದಲ್ಲಿ ಆಗುವ ಕೆಲಸ ಇನ್ನೂ ಸುಲಭ. ಘಾಟಿಯ ಎರಡೂ ತುದಿಯಲ್ಲಿ ‘ದೀಪ ಹಾಕಿ’ ಅಂತ ಕನ್ನಡದಲ್ಲಿ ದೊಡ್ಡ ಫಲಕ ಬೇಕು. ಹೊರಗಿನ ಡ್ರೈವರುಗಳೇ ಹೆಚ್ಚಾಗಿ ಓಡಾಡುವ ದಾರಿಯಾದ್ದರಿಂದ ಒಂದು ಚಿತ್ರವೂ ಇರಲಿ. ಮಳೆಗಾಲದ ಮೂರು ತಿಂಗಳು ಪೊಲೀಸರು 105ನೇ ಕಲಮನ್ನು ನೆನಪಿಟ್ಟುಕೊಳ್ಳಲಿ. ಸಾರಿಗೆ ಬಸ್ಸುಗಳು ಡಿಪೋ ಬಿಡುವ ಮುಂಚೆ ಮುಂದಿನ ಹಿಂದಿನ ಎಲ್ಲ ದೀಪ ಉರಿಯುತ್ತವೆಯೇ ಅಂತ ನೋಡುವ ಶಿಸ್ತು ಬರಲಿ. ಕಬ್ಬು, ಜೋಳ ಹೇರಿಕೊಂಡು ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಸಂಜೆ ಹೊತ್ತು ತೆವಳುವ ಟ್ರ್ಯಾಕ್ಟರಿನ ಟ್ರೈಲರಿಗೆ ಕನಿಷ್ಠ ಹೊಳೆಯುವ ಪಟ್ಟಿಯಾದರೂ ಅಂಟಿಸಲಿ. ಕಾರಿಗೆ ಹಗಲು ದೀಪ ಕೇಳುವ ಊರು ಟ್ರೈಲರಿಗೆ ರಾತ್ರಿ ದೀಪ ಕೇಳದಿದ್ದರೆ ನಗೆಪಾಟಲು.

ಬಸ್ಸಿನಲ್ಲಿ ಓಡಾಡುವವನಿಗೆ ಕಾರು ಇಲ್ಲ. ಈ ಕಾನೂನಿನಿಂದ ಅವನ ಕಿಸೆಗೆ ಒಂದು ಪೈಸೆ ಖರ್ಚೂ ಇಲ್ಲ. ಆದರೂ ಇದರಿಂದ ಉಳಿಯುವ ಜೀವದಲ್ಲಿ ಹೆಚ್ಚಿನವು ಅವನಂಥವರದೇ. ಕಾರಿದ್ದವರು ಕೇಳದಿದ್ದರೆ ಕಾರಿಲ್ಲದವರೇ ಕೇಳಬೇಕು. ಸಾರಿಗೆ ಸಚಿವಾಲಯದವರು, ಜಿಲ್ಲೆಯ ಆರ್.ಟಿ.ಓ. ಸಾಹೇಬರು, ಪೊಲೀಸ್ ಅಧಿಕಾರಿಗಳು ಬರುವ ಮಳೆಗಾಲಕ್ಕೆ ಮುಂಚೆ ಇತ್ತ ಗಮನ ಹರಿಸುವರೇ?