ವಂಶಾವಳಿಯ ತಿದ್ದುಪಡಿ

ಮನೆತನಗಳ ಚರಿತ್ರೆಯನ್ನು ಅಚ್ಚುಹಾಕಿಸುವ ಉತ್ಸಾಹವು ನಮ್ಮಲ್ಲಿ ಈಚೆಗೆ ಹೆಚ್ಚಿದೆ. ಸಂತೋಷವೇ. ಆದರೆ ಕೊಡಗಿನ ಮಿತ್ರರೊಬ್ಬರು ತಿದ್ದಿಕೊಡಬೇಕೆಂದು ಕಳುಹಿಸಿದ ಹಸ್ತಪ್ರತಿಯನ್ನು ಓದಿದಂದಿನಿಂದ ನನಗೆ ಸಮಾಧಾನವಿಲ್ಲ. 1837ರಲ್ಲಿದ್ದ ತಮ್ಮ ಪೂರ್ವಿಕರೊಬ್ಬರು ದಂಗೆಗಾರರಿಗೆ ಗುಟ್ಟಾಗಿ ಅಕ್ಕಿ ಸಾಗಿಸಿದ ದೇಶಭಕ್ತರೆಂದು ಅವರು ಬರೆದಿದ್ದಾರೆ. ಅದೇ ಮಹನೀಯರಿಗೆ ಕಂಪೆನಿ ಸರ್ಕಾರವು ದಯಪಾಲಿಸಿದ ಬೆಳ್ಳಿಯ ಪದಕವನ್ನು ಅವರ ಐನ್‌ಮನೆಯ ಪೆಟ್ಟಿಗೆಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ!

ನಡೆದುದೇನೆಂಬುದನ್ನು ವಾಚಕರು ಬಲ್ಲರು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದಿಳಿಸಿದ ಕಂಪೆನಿಯವರು ಅಮರಸುಳ್ಯದ ಸೀಮೆಯನ್ನು ಕೊಡಗಿನಿಂದ ಕಿತ್ತು ಕನ್ನಡ ಜಿಲ್ಲೆಗೆ ಸೇರಿಸಿದರು. ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ತೆರಬೇಕಾಯಿತು. ರೈತರು ಸಿಡಿದೆದ್ದರು. ಪುಟ್ಟಬಸಪ್ಪನೆಂಬವನನ್ನು ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಮುಂದಿಟ್ಟುಕೊಂಡು, ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರು 1837ರ ಏಪ್ರಿಲಿನಲ್ಲಿ ಮಂಗಳೂರನ್ನೇ ಹಿಡಿದರು. ಅದು ಉಳಿದುದು ಹದಿಮೂರು ದಿನ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರಿನಲ್ಲಿ ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಅತ್ತ ದಿವಾನ್ ಅಪ್ಪಾರಂಡ ಬೋಪುವೂ ಅವನೊಡನಿದ್ದ ಅನೇಕ ಮುಖಂಡರೂ ಕಂಪೆನಿಯ ಪಕ್ಷದಲ್ಲಿ ನಿಂತರು. ಅವರಿಗಾಗಿ 44 ಚಿನ್ನದ ಪದಕಗಳೂ 300 ಬೆಳ್ಳಿಯ ಪದಕಗಳೂ ಸಿದ್ಧವಾದುವು.

ಬಹುಮಾನ ಕೊಟ್ಟ ಸರ್ಕಾರವು ಲೆಕ್ಕ ಬರೆದಿಡದೆ ಇರುತ್ತದೆಯೇ? ಬೆಂಗಳೂರಿನ ಪತ್ರಾಗಾರದಲ್ಲಿ, ಚೆನ್ನೈಯ ಪತ್ರಾಗಾರದಲ್ಲಿ, ಲಂಡನ್ನಿನ ಇಂಡಿಯಾ ಆಫೀಸಿನ ದಫ್ತರಗಳಲ್ಲಿ ಆ ಕಾಲದ ಕಾಗದಪತ್ರಗಳನ್ನು ಇಂದೂ ಹುಡುಕಬಹುದು. ನಮ್ಮ ಮಿತ್ರರು ಹುಡುಕಿಯೂ ಇದ್ದರು. ದೊರೆತ ಹೆಸರನ್ನು ಕಂಡು ಬೆದರಿದರು. 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತ ಮೇಲೆ ದಂಗೆಗಾರರ ಪಕ್ಷವೇ ಗೌರವದ ಪಕ್ಷವಾಗಿದೆಯಷ್ಟೆ. ಆದುದರಿಂದ ಸತ್ತವರನ್ನು ಪಕ್ಷಾಂತರ ಮಾಡಿಸಿದರು.

ಇದನ್ನು ನಾನು ಪಿತೃದ್ರೋಹವೆಂದೇ ಕರೆಯುತ್ತೇನೆ. ಇಲ್ಲದ ಶೌರ್ಯವನ್ನು ಅಂಟಿಸಿದರೆ ನಿಜವಾದ ಮನುಷ್ಯನು ಎರಡನೆಯ ಸಲ ಸಾಯುತ್ತಾನೆ. ಅವನು ಕಂಪೆನಿಯೊಡನೆ ಏಕೆ ನಿಂತನೆಂದು ಕೇಳುವ ಧೈರ್ಯವಾದರೂ ಬೇಡವೇ? ಚಿಕ್ಕವೀರರಾಜನ ಕಾಲದ ಕ್ರೌರ್ಯವನ್ನು ಕಂಡ ಕೊಡಗಿನ ಮುಖಂಡನಿಗೆ ಹಾಲೇರಿಯ ಹೆಸರು ಮತ್ತೆ ಕೇಳಿಬಂದಾಗ ಎದೆ ನಡುಗಿರಬಹುದು. ಭೂಮಿಯ ಆಸೆಯೂ ಇದ್ದಿರಬಹುದು. ಎರಡೂ ಒಟ್ಟಿಗೆ ಇದ್ದಿರಬಹುದು. 'ನಿಷ್ಠಾವಂತ', 'ರಾಜದ್ರೋಹಿ' ಎಂಬುವು ಕಂಪೆನಿಯ ಗುಮಾಸ್ತನ ಮಾತುಗಳು. ಅವುಗಳನ್ನು ತಲೆಕೆಳಗು ಮಾಡಿ ಬರೆದರೂ ಗುಮಾಸ್ತನ ಶಿಷ್ಯರೇ ಆದೆವು. ಶಸ್ತ್ರ ಕಾಯಿದೆಯಿಂದ 1861ರಲ್ಲಿ ಕೊಡವರಿಗೆ ದೊರೆತ ವಿನಾಯಿತಿಯು ಅದೇ ರಾಜನಿಷ್ಠೆಗೆ ಸಂದ ಮನ್ನಣೆ. ಕೋವಿಯನ್ನು ಹೆಮ್ಮೆಯಿಂದ ಪೂಜಿಸುವವರು ಪದಕವನ್ನೇಕೆ ಬಚ್ಚಿಡಬೇಕು?

ಪರರ ಮನೆಯ ಮಾತನ್ನಷ್ಟೇ ಆಡಿ ಜಾರಿಕೊಳ್ಳಲಾರೆ. ಘಟ್ಟದ ಕೆಳಗಿನ ನಮ್ಮ ಮನೆಯಲ್ಲಿ ಮಕ್ಕಳು ಗದ್ದಲವೆಬ್ಬಿಸಿದರೆ ಅಜ್ಜಿ 'ಇದೇನು ಕಲ್ಯಾಣಪ್ಪನ ಕಾಟಕಾಯಿ!' ಎಂದು ಗದರುತ್ತಿದ್ದಳು. ಇಂದು ಸ್ವಾತಂತ್ರ್ಯಸಮರವೆನಿಸಿದ ದಂಗೆಗೆ ನಮ್ಮವರು ಇಟ್ಟಿದ್ದ ಹೆಸರು ಅದು. ನಮ್ಮ ಹಿರಿಯರು ಯಾವ ಕಡೆಯ ಬಾಗಿಲಿಗೆ ಅಗಳಿ ಹಾಕಿಕೊಂಡಿದ್ದರೆಂದು ಊಹಿಸಲು ಆ ಬೈಗುಳವೊಂದೇ ಸಾಕು.

ಸತ್ತವರ ದೋಷವನ್ನು ಎತ್ತಿಯಾಡುವುದು ಅಶಾಸ್ತ್ರೀಯವೆಂದು ಮಿತ್ರರು ಬರೆದಿದ್ದಾರೆ. ನಾನು ಓದಿದ ಶಾಸ್ತ್ರ ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಶ್ರಾದ್ಧದಲ್ಲಿ ಪಿತೃ, ಪಿತಾಮಹ, ಪ್ರಪಿತಾಮಹರನ್ನು ಹೆಸರು ಹೇಳಿ ಕರೆಯುತ್ತೇವೆ. ಅವರ ನಡತೆಯ ಪತ್ರವನ್ನು ಯಾರೂ ಕೇಳುವುದಿಲ್ಲ. ಅವರ ಮನೆಯಲ್ಲಿಯೂ ಕಾರಣರಿಗೆ ಎಡೆಯಿಡುವಾಗ ಕೇಳುವುದಿಲ್ಲ. ಇದ್ದಂತೆಯೇ ಬಂದು ಉಣ್ಣುವ ಹಕ್ಕು ಅವರಿಗುಂಟು.

ಹಸ್ತಪ್ರತಿಯಲ್ಲಿ ಕಾಗುಣಿತವನ್ನು ತಿದ್ದಿದ್ದೇನೆ. ಆ ಅಧ್ಯಾಯವನ್ನು ಮಾತ್ರ ಮುಟ್ಟದೆ, ಪದಕದ ಎರಡು ಮುಖಗಳ ಚಿತ್ರವನ್ನೂ ಅಲ್ಲಿ ಅಚ್ಚುಹಾಕಿಸಬೇಕೆಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.