ಬೆಚ್ಚಗಿನ ಮನೆ, ಬೆದರಿದ ಬ್ಯಾಂಕು

ಇನ್ಸುಲೇಷನ್ ಇಲ್ಲದ ಬ್ರಿಟನ್ನಿನ ಮನೆಯಲ್ಲಿ ಬಿಸಿಯ ಸುಮಾರು ಕಾಲುಭಾಗ ಮಾಡಿನ ಮೂಲಕವೇ ಸೋರಿಹೋಗುತ್ತದೆ. ಅದನ್ನು ತಡೆಯಲೆಂದು ಅಟ್ಟ ಹತ್ತಿ, ಸ್ಲೇಟುಗಳ ಅಡಿಮೈಗೆ ಸ್ಪ್ರೇ ಫೋಮ್ ಹೊಡೆಸಿಕೊಂಡವರು ಬಹಳ ಮಂದಿ. 2020ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಮರುವರ್ಷದ ಮಾರ್ಚ್‌ನಲ್ಲೇ ಮುಚ್ಚಿಹೋದ ಗ್ರೀನ್ ಹೋಮ್ಸ್ ಗ್ರಾಂಟ್ ಯೋಜನೆಯಲ್ಲಿ ಸರ್ಕಾರದ ಹಣವೂ ಇದಕ್ಕೆ ಸಿಕ್ಕಿತು. ಈಗ ಅಂಥ ಮನೆ ಮಾರಾಟಕ್ಕಿಟ್ಟರೆ, ಕೊಳ್ಳುವವರಿಗೆ ಸಾಲ ಕೊಡಲು ಕೆಲವು ಬ್ಯಾಂಕುಗಳು ಒಪ್ಪುತ್ತಿಲ್ಲ.

ಹಾಗೆಂದು ಫೋಮ್ ಕೆಟ್ಟ ವಸ್ತುವೇನಲ್ಲ. ಐಸೊಸಯನೇಟ್ ಮತ್ತು ಪಾಲಿಯಾಲ್ ಎಂಬ ಎರಡು ದ್ರವಗಳು ಗನ್ನಿನ ತುದಿಯಲ್ಲಿ ಬೆರೆತು, ಮೆತ್ತಿದ ಕೂಡಲೇ ಉಬ್ಬಿ, ಇನ್ಸುಲೇಷನ್‌ಗೆ ಹಾಸುವ ಖನಿಜ ಉಣ್ಣೆ ತಲುಪಲಾಗದ ಸಂದಿಗೂ ನುಗ್ಗಿ ಗಾಳಿ ನುಸುಳದಂತೆ ಮುಚ್ಚುತ್ತವೆ. ಗಟ್ಟಿ ಬಗೆಯದಾದರೆ, ಅಷ್ಟೇ ದಪ್ಪದ ಉಣ್ಣೆಗಿಂತ ಎಷ್ಟೋ ಚೆನ್ನಾಗಿ ಬಿಸಿ ಹಿಡಿಯುತ್ತದೆ. ಅಟ್ಟವನ್ನೇ ಮಲಗುವ ಕೋಣೆ ಮಾಡಿಕೊಂಡು ತಲೆ ತಾಗುವಷ್ಟು ಇಕ್ಕಟ್ಟಿನಲ್ಲಿರುವವರಿಗೆ ಇದು ಸಣ್ಣ ಲಾಭವಲ್ಲ. ಹೊಡೆಯುವಾಗಿನ ಆವಿ ಶ್ವಾಸಕೋಶಕ್ಕೆ ಅಪಾಯ ನಿಜ; ಅದಕ್ಕೇ ಕೆಲಸದವರಿಗೆ ಮುಖವಾಡ ಬೇಕು, ಮನೆಯವರು ಹೊರಗಿರಬೇಕು.

ತಕರಾರು ಇರುವುದು ಮಾಡಿನ ಮರದ ವಿಷಯದಲ್ಲಿ. ಸ್ನಾನ, ಅಡುಗೆ, ಒಳಗೇ ಒಣಹಾಕಿದ ಬಟ್ಟೆ, ಎಲ್ಲದರ ಹಬೆಯೂ ಮೇಲೇರುತ್ತದೆ. ಹಳೆಯ ಮಾಡಿನಲ್ಲಿ ಸೂರಿನಂಚಿನಿಂದ ಬೀಸುವ ಗಾಳಿ ಅದನ್ನು ಒಣಗಿಸುತ್ತಿತ್ತು. ಮೆದು ಫೋಮ್ ಗಾಳಿಯನ್ನು ತಡೆದರೂ ಆವಿಯನ್ನು ಬಿಟ್ಟುಕೊಡುತ್ತದೆ. ತಣ್ಣನೆಯ ಸ್ಲೇಟಿಗೆ ತಾಗಿ ನೀರಾದ ಆ ಆವಿ ಪಕಾಸಿ, ರೀಪುಗಳಿಗೆ ಇಳಿಯಬಹುದು. ಎಲ್ಲ ಮನೆಯಲ್ಲೂ ಹೀಗಾಗುತ್ತದೆ ಎಂದಲ್ಲ. ಆದರೆ ಸರ್ವೇಯರ್ ಬಂದು ಪಕಾಸಿಯನ್ನು ಚುಚ್ಚಿ ನೋಡೋಣವೆಂದರೆ ಪಕಾಸಿಯೇ ಕಾಣುವುದಿಲ್ಲ. ಬ್ಯಾಂಕು ಹಿಂದೆಗೆಯುವುದು ಮರ ಕೊಳೆತಿದೆಯೆಂದಲ್ಲ, ಕೊಳೆತಿಲ್ಲವೆಂದು ಹೇಳುವವರಿಲ್ಲವೆಂದು. ಅಚ್ಚುಕಟ್ಟಾಗಿ ಮಾಡಿಸಿಕೊಂಡವರಿಗೂ ಇದರಿಂದ ಅನ್ಯಾಯವಾಗುತ್ತಿದೆ, ಒಪ್ಪುತ್ತೇನೆ. ಆದರೆ ದುಡ್ಡು ಕೊಡುವವನ ಅಂಜಿಕೆಯೂ ಸುಳ್ಳಲ್ಲ. ಕೆರೆದು ತೆಗೆಸಲು ಸಾವಿರಾರು ಪೌಂಡ್ ಬೇಕು. ಮನೆಬಾಗಿಲಿಗೆ ಬಂದ ಮಾರಾಟಗಾರರ ಮಾತಿಗೆ ಸಹಿ ಹಾಕಿದ ನಿವೃತ್ತರಿಗೆ ಅದನ್ನು ಎಲ್ಲಿಂದ ತರುವುದು ಎಂಬ ಚಿಂತೆ.

ನನ್ನನ್ನು ಕೇಳಿದರೆ, ಅಟ್ಟ ಬರೀ ಸಾಮಾನಿಡುವ ಜಾಗವಾಗಿದ್ದರೆ ಫೋಮಿನ ಗೊಡವೆ ಬೇಡ. ಅಟ್ಟದ ನೆಲಕ್ಕೆ ಬ್ರಿಟನ್ನಿನಲ್ಲಿ ಶಿಫಾರಸು ಮಾಡುವ 270 ಮಿಲಿಮೀಟರ್ ಖನಿಜ ಉಣ್ಣೆ ಹಾಸಿದರೆ ಸಾಕು. ಪಕಾಸಿ ತೆರೆದೇ ಇರುತ್ತದೆ, ಖರ್ಚೂ ಕಡಿಮೆ. ಕೋಣೆಯಾಗಿದ್ದರೆ ಲೆಕ್ಕ ಬೇರೆ. ಆಗಲೂ ತೇವಾಂಶದ ಲೆಕ್ಕಾಚಾರ ಮತ್ತು ಹೊಡೆಯುವ ಮುಂಚಿನ ಮರದ ಫೋಟೊಗಳನ್ನು ಕೊಡದವರಿಗೆ ಕೆಲಸ ಒಪ್ಪಿಸಬಾರದು. ಅಲ್ಲಿ ಮನೆ ಹುಡುಕುತ್ತಿರುವ ನಮ್ಮವರೂ ಅಟ್ಟದಲ್ಲಿ ಫೋಮ್ ಕಂಡರೆ ಮೊದಲು ಆ ಕಾಗದಗಳನ್ನು ಕೇಳಲಿ, ಸಾಲ ಕೊಡುವವರನ್ನೂ ವಿಚಾರಿಸಲಿ. ಸರ್ವೆಗೆ ಹಣ ಕಟ್ಟುವುದು ಆಮೇಲೆ.